ಹೋಗ್ತೀನಿ ಅನ್ನಬಾರದು

"ಅಕ್ಕಾ, ಇದ್ಯಾವೂರು?"

ವರ್ಜೀನಿಯಾದ ಸೆಂಟರ್‌ವಿಲ್‌ನ ಒಂದು ದೊಡ್ಡ ಮನೆಯ ಅಡುಗೆಮನೆಯಲ್ಲಿ ಒಬ್ಬ ಹೆಂಗಸು ನನ್ನನ್ನು ಹೀಗೆ ಕೇಳಿದಳು. ವರಮಹಾಲಕ್ಷ್ಮಿ ಹಬ್ಬದ ಸಂಜೆ. ಅರಿಶಿನ ಕುಂಕುಮಕ್ಕೆಂದು ಮೇರಿಲ್ಯಾಂಡಿನ ರಾಕ್‌ವಿಲ್‌ನಿಂದ ಮುಕ್ಕಾಲು ಗಂಟೆ ಡ್ರೈವ್ ಮಾಡಿಕೊಂಡು ಹೋಗಿದ್ದೆ. ತಿಂದ ತಟ್ಟೆಯನ್ನು ಟೇಬಲ್ ಮೇಲೆ ಬಿಟ್ಟೇಳುವ ಅಭ್ಯಾಸ ನನಗಿಲ್ಲ. "ಅಲ್ಲೇ ಇಡ್ರೀ, ಅವಳು ತಗೋತಾಳೆ" ಎಂದು ಮನೆಯಾಕೆ ಹೇಳುತ್ತಿದ್ದರೂ ಕೇಳದೆ ಒಳಗೆ ಹೋದೆ. ಸಿಂಕಿನ ಮುಂದೆ ನಿಂತಿದ್ದವಳಿಗೆ ನಲವತ್ತೈದು ಆಗಿರಬಹುದು. ಕೊರಳಲ್ಲಿ ಕರಿಮಣಿ, ಕೈಯಲ್ಲಿ ಸೋಪಿನ ನೊರೆ.

"ಸೆಂಟರ್‌ವಿಲ್" ಅಂದೆ.

"ಅದು ಎಲ್ಲಿ ಬತ್ತದೆ? ಎರಡು ವರ್ಸ ಆಯ್ತಾ ಬಂತು, ಯಾರೂ ಏಳ್ನಿಲ್ಲ."

ಅಷ್ಟರಲ್ಲಿ ಮನೆಯಾಕೆ ಬಾಗಿಲಲ್ಲಿ ನಿಂತಿದ್ದರು. ಇವಳು ತಕ್ಷಣ ನಲ್ಲಿ ತಿರುಗಿಸಿದಳು. "ಏನಂತೆ ಅವಳದು?" ಎಂದು ಮನೆಯಾಕೆ ನಗುನಗುತ್ತಲೇ ಕೇಳಿದರು. "ಕಾಫಿಗೆ ಸಕ್ಕರೆ ಎಷ್ಟು ಅಂತ" ಎಂದೆ. ಯಾಕೆ ಸುಳ್ಳು ಹೇಳಿದೆನೋ ನನಗೇ ಗೊತ್ತಿಲ್ಲ. ಆ ನಗುವಿನಲ್ಲಿದ್ದ ಏನೋ ಒಂದು ನನ್ನ ಬಾಯಿಂದ ಸುಳ್ಳು ಹೊರಡಿಸಿತು.

ಎರಡು ವರ್ಷದಿಂದ ಒಂದು ಊರಿನಲ್ಲಿದ್ದೂ ಅದರ ಹೆಸರು ಗೊತ್ತಿಲ್ಲದವಳು. ನಾನು ಮನೆಗೆ ಬಂದು ಎರಡು ವಾರ ಏನೂ ಮಾಡಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ಊರವರ ಮನೆ ಉಸಾಬರಿ ನಮಗ್ಯಾಕೆ ಎಂದುಕೊಂಡೆ. ಲ್ಯಾಬಿಗೆ ಹೋದೆ, ಬಂದೆ, ಸಾರು ಕುದಿಸಿದೆ. ಆದರೆ ಆ ಪ್ರಶ್ನೆ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು. ಕೊನೆಗೆ ಬ್ಲೌಸ್ ಹೊಲಿಸುವ ನೆಪದಲ್ಲಿ ಆಂಟಿಯ ಬೇಸ್‌ಮೆಂಟಿಗೆ ಹೋದೆ.

ಆಂಟಿ ನಮ್ಮ ಮೈಸೂರಿನವರೇ, ಮುಸ್ಲಿಂ ಮನೆಯವರು. ಮಗನ ಜೊತೆ ಸೆಂಟರ್‌ವಿಲ್‌ನಲ್ಲಿದ್ದುಕೊಂಡು ಈ ಕಡೆಯ ಕನ್ನಡದ ಹೆಂಗಸರಲ್ಲಿ ಅರ್ಧ ಜನಕ್ಕೆ ಬ್ಲೌಸ್ ಹೊಲಿಯುತ್ತಾರೆ. ಯಾರ ಮನೆಯಲ್ಲಿ ಏನು ನಡೆಯುತ್ತದೆ ಎನ್ನುವುದು ಅವರ ಅಳತೆ ಟೇಪಿಗೆ ಗೊತ್ತಿರುತ್ತದೆ. ನಾನು ಹೇಳಿ ಮುಗಿಸಿದೆ. ಆಂಟಿ ಮಷೀನ್ ನಿಲ್ಲಿಸಲೂ ಇಲ್ಲ.

"ಪಾಸ್‌ಪೋರ್ಟ್ ಅವ್ರ ಲಾಕರ್‌ನಲ್ಲಿದೆ. ಫೋನ್ ಇಲ್ಲ. ಆಚೆ ಕಾಲಿಟ್ರೆ ಪೊಲೀಸ್ ಹಿಡ್ಕೊಂಡು ಜೈಲಿಗೆ ಹಾಕ್ತಾರೆ ಅಂತ ಹೆದ್ರಿಸಿಟ್ಟಿದಾರೆ" ಎಂದರು. "ಹೀಗಿರೋರಲ್ಲಿ ಇವಳು ಮೊದಲ್ನೇವಳಲ್ಲಮ್ಮ."

"ನಿಮಗೆ ಹೇಗೆ ಗೊತ್ತು? ಮೊದಲಿನವರು ಏನಾದ್ರು?"

"ನೀನು ಬಂದಿರೋದು ಕೆಲ್ಸ ಮಾಡೋಕಾ, ಕತೆ ಕೇಳೋಕಾ?"

ನನಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಆಂಟಿಯ ಮುಂದೆ ಅದು ನಡೆಯುವುದಿಲ್ಲ. ಕೆಲಸಕ್ಕೆ ಎಂದೆ. ಆಮೇಲೆ ಅವರು ಹೇಳಿದ್ದು ಇಷ್ಟು: ಒಬ್ಬರು ವಿಷಯ ತಿಳಿಸುತ್ತಾರೆ, ಒಬ್ಬರು ಕಾರು ತರುತ್ತಾರೆ, ಈ ಸಲ ಅದು ನಾನು, ಒಬ್ಬರು ಮುಂದಕ್ಕೆ ಒಯ್ಯುತ್ತಾರೆ, ಇನ್ಯಾರೋ ಒಬ್ಬರ ಮನೆಯಲ್ಲಿ ಖಾಲಿ ರೂಮು ಇದೆ. ಆಂಟಿಗೆ ತಮ್ಮ ಹಿಂದಿನ ಒಬ್ಬರು, ಮುಂದಿನ ಒಬ್ಬರು ಮಾತ್ರ ಗೊತ್ತು. ಉಳಿದವರನ್ನು ಅವರು ಕೇಳುವುದಿಲ್ಲ. ಕಾನೂನಿನ ಕೆಲಸಕ್ಕೆ ಒಂದು ಸಹಾಯ ಸಂಸ್ಥೆಯ ಹೆಂಗಸು ಫೋನಿನಲ್ಲಿ ಸಿಗುತ್ತಾರೆ.

ಆ ವಾರವೇ ನನ್ನ ಮಗಳು ಶಾಲೆಯ ಪ್ರಾಜೆಕ್ಟ್ ಹರಡಿಕೊಂಡು ಕೂತಿದ್ದಳು. ಏಳನೇ ಕ್ಲಾಸು. "ಅಮ್ಮಾ, ನಮ್ಮ ಕೌಂಟಿಲಿ ಅಂಡರ್‌ಗ್ರೌಂಡ್ ರೈಲ್‌ರೋಡ್ ಇತ್ತು, ಯು ನೋ?" ಎಂದಳು.

"ಇತ್ತು ಏನು, ಈಗಲೂ ಇದೆಯಲ್ಲ, ಮೆಟ್ರೋದ ರೆಡ್ ಲೈನು" ಎಂದೆ ನಾನು ಹಿಟ್ಟು ನಾದುತ್ತಾ.

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಹೇಳಿದಳು: ಅದು ರೈಲೇ ಅಲ್ಲವಂತೆ. ಗುಲಾಮರು ಓಡಿಹೋಗಲು ಮಾಡಿಕೊಂಡಿದ್ದ ಗುಟ್ಟಿನ ದಾರಿಯಂತೆ. ಕರೋಲಿನಾ, ವರ್ಜೀನಿಯಾದಿಂದ ಕಾಡಿನಲ್ಲಿ ನಡೆದು, ನಮ್ಮ ಮೇರಿಲ್ಯಾಂಡ್ ದಾಟಿ ಉತ್ತರಕ್ಕೆ. ಒಂದು ಮನೆಯವರಿಗೆ ಮುಂದಿನ ಮನೆ ಮಾತ್ರ ಗೊತ್ತಿರುತ್ತಿತ್ತು. ಒಬ್ಬರು ಸಿಕ್ಕಿಬಿದ್ದರೂ ಇಡೀ ದಾರಿ ಬಯಲಾಗಬಾರದಲ್ಲ. ನನ್ನ ಕೈ ಹಿಟ್ಟಿನಲ್ಲೇ ನಿಂತುಹೋಯಿತು. ಅವರ ಪಾಡೂ ಈಕೆಯ ಪಾಡೂ ಒಂದೇ ಎಂದು ನಾನು ಹೇಳುವುದಿಲ್ಲ. ಅವರನ್ನು ಮಾರುತ್ತಿದ್ದರು, ನಾಯಿ ಬಿಟ್ಟು ಬೇಟೆಯಾಡುತ್ತಿದ್ದರು. ಆದರೂ ಒಬ್ಬಳ ಪಾಸ್‌ಪೋರ್ಟ್ ಇನ್ನೊಬ್ಬಳ ಲಾಕರಿನಲ್ಲಿದ್ದರೆ ಅದಕ್ಕೆ ಏನು ಹೆಸರಿಡುವುದು? ಅದೂ ನಮ್ಮವರು, ಲಕ್ಷ್ಮಿಗೆ ಆರತಿ ಎತ್ತಿದ ಕೈಯವರು. ಮೈ ಉರಿದುಹೋಯಿತು ನನಗೆ.

ದಸರೆ ಬಂತು. ಮನೆಯಾಕೆ ಹಬ್ಬಕ್ಕೆ ಬ್ಲೌಸ್ ಹೊಲಿಸಲು ಹೋದಾಗ ಸೀರೆ ಚೀಲ ಹೊರಲು ಈಕೆಯನ್ನೂ ಕರೆದೊಯ್ದಿದ್ದರು. "ಕೆಲಸದವಳು ಹರಕು ಹಾಕ್ಕೊಂಡಿದ್ರೆ ಬಂದೋರು ಏನಂತಾರೆ? ಅವಳ್ಗೂ ಒಂದು ಹೊಲೀತೀನಿ" ಎಂದು ಆಂಟಿ ಮನೆಯಾಕೆಯ ಮರ್ಯಾದೆಯ ಮಾತೆತ್ತಿ, ಪರದೆಯ ಹಿಂದೆ ಈಕೆಯ ಅಳತೆ ತೆಗೆದರು. ಸಿಕ್ಕಿದ್ದು ನಾಲ್ಕು ನಿಮಿಷ. ಮನೆಯಾಕೆ ಪರದೆಯ ಈಚೆಯೇ ಕೂತು ಮಾತಾಡುತ್ತಿದ್ದರು: "ಬೇಗ ಕೊಡಿ ಆಂಟಿ, ಸೋಮವಾರ ಇವಳನ್ನ ಕ್ಯಾರಿಗೆ ಡ್ರಾಪ್ ಮಾಡ್ಬೇಕು. ನಮ್ಮಣ್ಣನ ಮನೇಲಿ ಟ್ವಿನ್ಸ್ ಆಗಿದೆ, ಇನ್ಮೇಲೆ ಅಲ್ಲೇ ಇರ್ತಾಳೆ."

ಕ್ಯಾರಿ ಎಂದರೆ ನಾರ್ತ್ ಕರೋಲಿನಾ. ಅಲ್ಲಿಗೆ ಆಂಟಿಯ ಕೈಯೂ ಎಟುಕದು, ನನ್ನ ಕೈಯೂ ಎಟುಕದು. ಆ ಕಾಲದವರು ಕರೋಲಿನಾದಿಂದ ಈ ಕಡೆಗೆ ಓಡಿಬರುತ್ತಿದ್ದರು, ಈಕೆಯನ್ನು ಈ ಕಡೆಯಿಂದ ಅಲ್ಲಿಗೆ ಸಾಗಿಸುತ್ತಿದ್ದರು. ಅಂದರೆ ಶನಿವಾರ ಆ ಮನೆಯಲ್ಲಿ ನಡೆಯುವ ಗೊಂಬೆ ಆರತಿಯೇ ಕೊನೆಯ ಅವಕಾಶ.

ಆಂಟಿ ಪಿಸುಗುಟ್ಟಿ ಎಲ್ಲ ಹೇಳಿದ್ದರು. ಈಕೆ ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಯೋಚ್ನೆ ಮಾಡ್ತೀನಿ" ಎಂದಳಂತೆ. ಸಂಸ್ಥೆಯ ಹೆಂಗಸಂತೂ ನನಗೆ ಫೋನಿನಲ್ಲಿ ಮೂರು ಸಲ ಹೇಳಿದ್ದರು: ಎಳೆದುಕೊಂಡು ಬರುವ ಹಾಗಿಲ್ಲ, ಪುಸಲಾಯಿಸುವ ಹಾಗಿಲ್ಲ. ಒಂದು ಸಲ ಕೇಳಿ, ಸುಮ್ಮನಿರಿ. ನಿರ್ಧಾರ ಆಕೆಯದು. ಆಕೆ ವಯಸ್ಕಳು, ಮುಂಬಾಗಿಲಿನಿಂದಲೇ ನಡೆದು ಬರಬಹುದು, ತಡೆಯುವ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ಮನೆಯಾಕೆಯ ಕಿವಿಯ ಮುಂದೆಯೇ ಈಕೆ ತನ್ನ ನಿರ್ಧಾರ ಹೇಳುವುದು ಹೇಗೆ? ಅದಕ್ಕೊಂದು ಮಾತು ಬೇಕಿತ್ತು. ಆ ಮಾತು ಹುಡುಕಿದವಳು ನಾನು, ಹುಡುಕಿ ಬೀಗಿದವಳೂ ನಾನೇ. ಹೊರಡುವ ಅತಿಥಿಗಳ ತಾಂಬೂಲದ ಚೀಲವನ್ನು ಕಾರಿನ ತನಕ ತಂದುಕೊಡುವುದು ಈಕೆಯ ಕೆಲಸ. ಕೊಟ್ಟು ವಾಪಸಾಗುವಾಗ "ಬರ್ತೀನಿ" ಅಂದರೆ ಬೇಡ ಎಂದು ಅರ್ಥ. "ಹೋಗ್ತೀನಿ" ಅಂದರೆ ಹೊರಟೆ ಎಂದು ಅರ್ಥ, ನಾನು ಕಾರಿನ ಹಿಂದಿನ ಬಾಗಿಲು ತೆಗೆಯಬೇಕು. ನಮ್ಮಲ್ಲಿ ಯಾರೂ ಬಾಯಿತಪ್ಪಿಯೂ ಹೋಗ್ತೀನಿ ಅನ್ನುವುದಿಲ್ಲವಲ್ಲ. ಹೋಗುವುದು ಅಂದರೆ ತಿರುಗಿ ಬಾರದ ಹಾಗೆ ಹೋಗುವುದು. ಹಾಗಾಗಿ ಎಡವಟ್ಟಾಗುವ ಭಯವೇ ಇಲ್ಲ ಎಂದೆ. ಆಂಟಿ "ಭೇಷ್" ಅಂದರು, ಹೊಲಿದ ಬ್ಲೌಸ್ ಹಾಕಿ ನೋಡುವ ನೆಪದಲ್ಲಿ ಅದನ್ನು ಈಕೆಯ ಕಿವಿಗೂ ಹಾಕಿದರು.

ಶನಿವಾರ ನಾಲ್ಕು ಗಂಟೆಗೆ ಹೋದೆ. ಕಾರನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸಿದೆ. ಒಳಗೆ ಒಂಬತ್ತು ಮೆಟ್ಟಿಲು ಗೊಂಬೆ, ಇಪ್ಪತ್ತು ಜನ ಹೆಂಗಸರು, ಹಾಡು. ನನ್ನ ಅಂಗೈ ಎಷ್ಟು ಬೆವೆತಿತ್ತೆಂದರೆ ಕೊಟ್ಟ ಅರಿಶಿನ ಕೈಗೆ ಅಂಟಿಕೊಂಡಿತು. ಕೋಸಂಬರಿ ತಿಂದೆನೋ ಬಿಟ್ಟೆನೋ ನೆನಪಿಲ್ಲ. ಈಕೆ ಲಿವಿಂಗ್ ರೂಮಿಗೆ ಎರಡು ಸಲ ಬಂದಳು, ಎರಡು ಸಲವೂ ನನ್ನ ಮುಖ ನೋಡಲಿಲ್ಲ. ಬರುವುದಿಲ್ಲ ಇವಳು, ಎಂದುಕೊಂಡೆ. ಐದಕ್ಕೆ ಹತ್ತು ನಿಮಿಷ ಇರುವಾಗ ಎದ್ದೆ. ಮನೆಯಾಕೆ ಬೀಳ್ಕೊಡಲು ಮುಂಬಾಗಿಲಿನ ತನಕ ಬಂದು ಅಲ್ಲೇ ನಿಂತರು. ಈಕೆ ಚೀಲ ಹಿಡಿದು ನನ್ನ ಹಿಂದೆ ಕಾರಿನ ತನಕ ನಡೆದಳು.

ನನ್ನ ಕಣ್ಣೆಲ್ಲ ಬಾಗಿಲಲ್ಲಿ ನಿಂತಿದ್ದವರ ಮೇಲೆ. ಕಿವಿ ಮಾತ್ರ ಈಕೆಯ ಕಡೆಗೆ. ಚೀಲ ಸೀಟಿನ ಮೇಲಿಟ್ಟಳು. ಉಸಿರೆಳೆದುಕೊಂಡಳು.

"ಹೋಯ್ತೀನಿ ಕನಕ್ಕ."

"ಥೂ, ಬಿಡ್ತು ಅನ್ನಿ!" ಅಂದೆ. ನಾನೇ ಅಂದೆ! "ಹಬ್ಬದ ದಿನ ಹೋಗ್ತೀನಿ ಅನ್ನಬಾರದಮ್ಮ. ಬರ್ತೀನಿ ಅನ್ನಬೇಕು."

ನನ್ನ ಬಾಯಿಗಿಷ್ಟು ಬೆಂಕಿ ಹಾಕ. ಚಿಕ್ಕವಳಿದ್ದಾಗ ಹೊಸ್ತಿಲ ಮೇಲೆ ನಿಂತು ಹೋಗ್ತೀನಿ ಅಂದಿದ್ದಕ್ಕೆ ಅಜ್ಜಿ ಕೆನ್ನೆ ಹಿಂಡಿದ್ದರು. ನಾನೂ ಮಗಳಿಗೆ ದಿನಾ ಬೆಳಿಗ್ಗೆ ಸ್ಕೂಲ್ ಬಸ್ಸಿನ ಹೊತ್ತಿಗೆ ಇದನ್ನೇ ಹೇಳಿ ತಿದ್ದುತ್ತೇನೆ. ಅದೇ ಮಾತು, ತಲೆಯನ್ನು ಕೇಳದೆ, ತಾನಾಗಿ ನಾಲಿಗೆಯಿಂದ ಉದುರಿಬಿಟ್ಟಿತ್ತು.

ಬಾಗಿಲಿನಿಂದ ಮನೆಯಾಕೆ ನಕ್ಕರು. "ಎಷ್ಟು ಹೇಳಿದ್ರೂ ಅಷ್ಟೇ ರೀ, ಮಾತು ಕಲ್ತಿಲ್ಲ ಅವಳು."

ಈಕೆ ನನ್ನ ಮುಖ ನೋಡಿದಳು. ಆ ಸಂಜೆ ಮೊದಲ ಸಲ ನೋಡಿದ್ದು ಅದೇ. ಬೈಗುಳವೂ ಇಲ್ಲ, ಅಳುವೂ ಇಲ್ಲ, ಏನೂ ಇಲ್ಲದ ಮುಖ. "ಬತ್ತೀನಿ ಕನಕ್ಕ" ಎಂದು ತಿರುಗಿ ಒಳಗೆ ಹೋದಳು. ಬಾಗಿಲು ಮುಚ್ಚಿತು.

ಆ ರಸ್ತೆಯ ಕೊನೆಯ ತಿರುವಿನಲ್ಲಿ ಕಾರು ನಿಲ್ಲಿಸಿ ಆಂಟಿಗೆ ಫೋನ್ ಮಾಡಿದೆ. ಎರಡು ಸಲ ಬೇರೆ ಯಾರಿಗೋ ಹೋಯಿತು. ಆಂಟಿ ಪೂರ್ತಿ ಕೇಳಿಸಿಕೊಂಡರು.

"ಯಾ ಅಲ್ಲಾ! ಆ ಹೆಣ್ಮಗಳು ಎರಡು ವರ್ಷ ಧೈರ್ಯ ಕೂಡಿಸ್ಕೊಂಡು ಒಂದು ಮಾತು ಆಡಿದ್ಳು. ನೀನು ಅದನ್ನ ತಿದ್ದಿ ಕಳಿಸಿದ್ಯಲ್ಲಮ್ಮಾ!"

ನಾನು ಸ್ಟೀರಿಂಗಿಗೆ ತಲೆ ಕೊಟ್ಟು ಅತ್ತುಬಿಟ್ಟೆ. ಆಂಟಿ "ಅತ್ತಿದ್ದು ಸಾಕು. ಮುಂದಿನ ಕಾರು ಐದೂವರೆ ತನಕ ಕಾಯತ್ತೆ, ಆಮೇಲೆ ಕಾಯಲ್ಲ. ವಾಪಸ್ ಹೋಗು. ಈ ಸಲ ಗುಟ್ಟೂ ಬೇಡ ಗಿಟ್ಟೂ ಬೇಡ, ನೆಟ್ಟಗೆ ಹೇಳು" ಎಂದರು.

ಗಡಿಯಾರದಲ್ಲಿ ಐದು ದಾಟಿ ಮೂರು ನಿಮಿಷ. ವಾಪಸ್ ಹೋದೆ. ಬಾಗಿಲು ತೆಗೆದವರು ಯಾರೋ ಅತಿಥಿ. ಹಾಡುತ್ತಿದ್ದವರ ನಡುವೆಯೇ ದಾಟಿಕೊಂಡು ಅಡುಗೆಮನೆಗೆ ನುಗ್ಗಿದೆ. ಈಕೆ ಒಲೆಯ ಮುಂದೆ ಹಾಲು ಕಾಯಿಸುತ್ತಿದ್ದಳು.

"ನನ್ನದು ತಪ್ಪಾಯ್ತು, ಬಾಯಿತಪ್ಪಿ ಅಂದುಬಿಟ್ಟೆ" ಎಂದೆ. "ಕಾರು ಆಚೆ ಇದೆ. ಬರ್ತೀರಾ?"

ಆಕೆ ಹಾಲಿನಿಂದ ಕಣ್ಣು ತೆಗೆಯಲಿಲ್ಲ. "ನೀವೇ ಬ್ಯಾಡ ಅಂದ್ರಲ್ಲಕ್ಕ."

ಅಷ್ಟರಲ್ಲಿ ಮನೆಯಾಕೆ ಬಂದರು. "ಏನ್ರೀ ಇದು? ಎಲ್ಲಿಗೆ ಕರೀತಿದೀರಾ ಅವಳನ್ನ?"

"ಅವರು ಇಷ್ಟಪಟ್ಟರೆ ನನ್ನ ಜೊತೆ ಬರ್ತಾರೆ."

"ವೀಸಾ ನಮ್ಮ ಹೆಸರಲ್ಲಿದೆ. ರಸ್ತೆಗೆ ಕಾಲಿಟ್ರೆ ಪೊಲೀಸ್ ಎತ್ತಾಕ್ಕೊಂಡು ಹೋಗ್ತಾರೆ, ಗೊತ್ತಾ ನಿಂಗೆ?" ಇದು ಈಕೆಗೆ. "ಊರಲ್ಲಿ ನಿನ್ ಮಗಳಿಗೆ ಏನು ಹೇಳ್ತೀಯಾ?" ಆಮೇಲೆ ನನ್ನ ಕಡೆ ತಿರುಗಿ, "ನಮ್ಮನೆ ಉಪ್ಪು ತಿಂದು ಹೋಗಿ ಹೀಗಾ ಮಾಡೋದು?"

ನನ್ನ ಬಾಯಲ್ಲಿ ನೂರು ಮಾತಿತ್ತು. ಆ ಉಪ್ಪು ಹಾಕಿದ ಕೈ ಯಾರದು ಎಂದು ಕೇಳಬೇಕಿತ್ತು. ಈಕೆಯ ಕೈ ಹಿಡಿದು ದರದರ ಎಳೆದುಕೊಂಡು ಹೋಗಬೇಕು ಅನಿಸುತ್ತಿತ್ತು. ಒಂದು ಸಲ ಕೇಳಿ, ಸುಮ್ಮನಿರಿ. ಕೇಳಿಯಾಗಿತ್ತು. ಸುಮ್ಮನಿದ್ದೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ. ಲಿವಿಂಗ್ ರೂಮಿನಲ್ಲಿ ಹಾಡು ನಿಂತಿತ್ತು. ಇಪ್ಪತ್ತು ಹೆಂಗಸರು ಅಡುಗೆಮನೆಯ ಕಡೆಗೇ ಕಿವಿಯಾಗಿ ಕೂತಿದ್ದರು. ಒಬ್ಬರೂ ಏಳಲಿಲ್ಲ.

ಹಾಲು ಉಕ್ಕಿ ಬಂತು. ಈಕೆ ಒಲೆ ಆರಿಸಿದಳು. ಕೈಬಟ್ಟೆಯನ್ನು ಮಡಿಸಿ ಕಟ್ಟೆಯ ಮೇಲಿಟ್ಟಳು. ನನ್ನನ್ನೂ ದಾಟಿ ಬಾಗಿಲಿನ ಕಡೆ ನಡೆದಳು. ಮನೆಯಾಕೆ ತೋಳು ಹಿಡಿದರು.

"ಕೈ ಬಿಡಿ" ಎಂದೆ. ಫೋನ್ ನನ್ನ ಕೈಯಲ್ಲಿತ್ತು. "ಪೊಲೀಸ್ ಅಂದ್ರಲ್ಲ, ನಾನೇ ನೈನ್ ಒನ್ ಒನ್ ಒತ್ತಲಾ? ಲಾಕರ್ ಅವರ ಮುಂದೆಯೇ ತೆಗೀರಂತೆ."

ತೋಳು ಬಿಟ್ಟರು. ನನಗೆ ಹೆದರಿ ಅಲ್ಲ, ಅಷ್ಟು ಜನ ನೋಡುತ್ತಿದ್ದರಲ್ಲ, ಅದಕ್ಕೆ. ಲಿವಿಂಗ್ ರೂಮಿನಲ್ಲಿ ಯಾರೋ ಒಬ್ಬರು ಕಾಲು ಮಡಿಸಿಕೊಂಡು ದಾರಿ ಕೊಟ್ಟರು. ಅಲ್ಲಿ ಕೂತವರಿಂದ ಆ ದಿನ ಆದ ಉಪಕಾರ ಅದೊಂದೇ. ಮುಂಬಾಗಿಲಿನ ಆಚೆ ಚಪ್ಪಲಿಗಳ ರಾಶಿ. ಈಕೆ ಅದನ್ನು ನೋಡುತ್ತಾ ಒಂದು ಕ್ಷಣ ನಿಂತಳು. ಆಕೆಯದು ಅಲ್ಲಿರಲಿಲ್ಲ. ಆಚೆ ಹೋಗಬಾರದವಳ ಚಪ್ಪಲಿಯನ್ನು ಕೈಗೆ ಸಿಗುವ ಹಾಗೆ ಯಾರು ಇಡುತ್ತಾರೆ? ಬರಿಗಾಲಿನಲ್ಲೇ ಬಂದು ಕಾರು ಹತ್ತಿದಳು.

ಸೀಟ್‌ಬೆಲ್ಟ್ ನಾನೇ ಹಾಕಿದೆ. ನಾನು ಕನ್ನಡಿಯಲ್ಲಿ ಹಿಂದಿನ ಕಾರುಗಳನ್ನೇ ನೋಡುತ್ತಿದ್ದೆ. ಮನೆಯಾಕೆಯ ಕಾರಿನ ಹಾಗೆ ಕಪ್ಪು ಬಣ್ಣದ್ದು ಯಾವುದು ಬಂದರೂ ಜೀವ ಬಾಯಿಗೆ ಬರುತ್ತಿತ್ತು. ಐದೂಕಾಲಿಗೆ ಒಂದು ಸಿಗ್ನಲ್‌ನಲ್ಲಿ ಆಕೆಯೇ ಬಾಯಿಬಿಟ್ಟಳು.

"ವೋದ್ ವರ್ಸ ಗೊಂಬೆ ಅಬ್ಬುಕ್ಕೆ ನೀವು ಬಂದಿದ್ರಿ. ನಿಮ್ ಚೀಲ್ದಾಗೆ ಚೀಟಿ ಮಡಗಿದ್ದೆ. ಬ್ಲೌಸ್ ಪೀಸೊಳ್ಗೆ."

ತಿರುಗಿ ಆಕೆಯ ಮುಖ ನೋಡಿದೆ.

"ಓದುದ್ರಾ ಅಕ್ಕ? ಓದಿದ್ಕೇ ಅಲ್ವಾ ನೀವು ಬಂದಿದ್ದು?"

ಸಿಗ್ನಲ್ ಹಸಿರಾಯಿತು. "ಹ್ಞೂಂ" ಎಂದೆ.

ಅಂಗಡಿಯೊಂದರ ಪಾರ್ಕಿಂಗಿನಲ್ಲಿ ಬೂದು ಬಣ್ಣದ ವ್ಯಾನು ಕಾಯುತ್ತಿತ್ತು. ನರೆತ ಕೂದಲಿನ ಹೆಂಗಸೊಬ್ಬರು ಇಳಿದು, ಈಕೆಗೆ ಶಾಲು ಹೊದಿಸಿ, ನನಗೆ ತಲೆಯಾಡಿಸಿದರು. ನಾನು ಅವರ ಹೆಸರು ಕೇಳಲಿಲ್ಲ. ಈಕೆ ವ್ಯಾನಿನೊಳಗೆ ಕೂತು ಮುಂದಕ್ಕೆ ನೋಡಿದಳು, ನನ್ನ ಕಡೆ ತಿರುಗಲಿಲ್ಲ. ನಿಜ ಹೇಳಬೇಕೆಂದರೆ ಒಂದು ಥ್ಯಾಂಕ್ಸ್ ಸಿಗುತ್ತದೆ ಎಂದು ನಾನು ಕಾದಿದ್ದೆ. ನಾಚಿಕೆಗೇಡು.

ಮನೆಗೆ ಬಂದವಳೇ ಬೀರುವಿನ ಕೆಳಗಿನ ಖಾನೆ ಎಳೆದೆ. ನಮ್ಮವರಿಗೆಲ್ಲ ಗೊತ್ತಿರುವ ವಿಷಯ: ತಾಂಬೂಲದ ಚೀಲದಿಂದ ಕಾಯಿ, ಎಲೆ, ಅಡಿಕೆ ತೆಗೆದುಕೊಳ್ಳುತ್ತೇವೆ. ಬ್ಲೌಸ್ ಪೀಸಿನ ಮಡಿಕೆಯನ್ನು ಮಾತ್ರ ಬಿಚ್ಚುವುದಿಲ್ಲ. ಬಿಚ್ಚಿದರೆ ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲವಲ್ಲ. ಒಬ್ಬರ ಮನೆಯದು ಇನ್ನೊಬ್ಬರ ಮನೆಗೆ, ಅಲ್ಲಿಂದ ಮತ್ತೊಬ್ಬರ ಮನೆಗೆ, ಹೀಗೇ ಸುತ್ತುತ್ತಿರುತ್ತದೆ. ನನ್ನ ಖಾನೆಯಲ್ಲಿ ಮೂವತ್ತಕ್ಕೆ ಕಡಿಮೆ ಇರಲಿಲ್ಲ. ಮಗಳೂ ಬಂದು ಕೂತಳು. ಒಂದೊಂದನ್ನೇ ಕೊಡವುತ್ತಾ ಹೋದೆವು. ಬೇರೆಯವರಿಗೆ ದಾಟಿಸಿಬಿಟ್ಟಿದ್ದೇನೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

ಸಿಕ್ಕಿತು. ಮುಂದಿನ ವಾರ ಪಕ್ಕದ ಬೀದಿಯವರಿಗೆ ಕೊಡಲೆಂದು ಎತ್ತಿಟ್ಟಿದ್ದ ಹಸಿರು ಪೀಸಿನೊಳಗೆ, ದಿನಸಿ ಅಂಗಡಿಯ ರಸೀದಿಯ ಹಿಂಭಾಗದಲ್ಲಿ ಪೆನ್ಸಿಲ್ ಅಕ್ಷರ. ಊರಿನ ಒಂದು ಫೋನ್ ನಂಬರು, ಕೆಳಗೆ ಎರಡು ಸಾಲು: ‘ಇದು ನನ್ನ ಮಗಳ್ದು. ಅವ್ವ ಬದುಕವ್ಳೆ ಅಂತ ಒಂದು ಮಾತು ಏಳಿ.’

"ಅಮ್ಮಾ, ವೈ ಡಿಡಂಟ್ ಯು ಓಪನ್ ಇಟ್?" ಎಂದು ಮಗಳು ಕೇಳಿದಳು. ಅವಳ ಮೇಲೆ ರೇಗಿದೆ. ರೇಗಿದ್ದು ಯಾರ ಮೇಲೆ ಎಂದು ಅವಳಿಗೂ ಗೊತ್ತಾಯಿತು.

ಭಾನುವಾರ ಬೆಳಿಗ್ಗೆ, ಅಲ್ಲಿ ಸಂಜೆಯಾಗಿದ್ದಾಗ, ಆ ನಂಬರಿಗೆ ಫೋನ್ ಮಾಡಿದೆ. ಹುಡುಗಿಯ ದನಿ. "ನಿಮ್ಮಮ್ಮ ಕ್ಷೇಮವಾಗಿದಾರಮ್ಮ" ಎಂದೆ.

"ಗೊತ್ತು ಕನಕ್ಕ! ಬೆಳಿಗ್ಗೇನೇ ಅವ್ವ ಫೋನ್ ಮಾಡಿತ್ತು. ಚೀಟಿ ಓದ್ಕಂಡು ಬಂದ ಅಕ್ಕ ನೀವೇನಾ? ಅವ್ವ ಏಳ್ತು. ನಿಮ್ ಕಾಲ್ಗೆ ಬೀಳ್ಬೇಕು ನಾವು."

ಹ್ಞೂಂ ಅಂದುಬಿಡಬಹುದಿತ್ತು. ನೆನ್ನೆ ಅಂದಿದ್ದೆನಲ್ಲ.

"ಇಲ್ಲಮ್ಮ" ಎಂದೆ. "ಚೀಟಿ ಒಂದು ವರ್ಷದಿಂದ ನನ್ನ ಮನೆಯಲ್ಲೇ ಇತ್ತು. ನಾನು ನೋಡಿರಲಿಲ್ಲ. ಓದಿದ್ದು ನೆನ್ನೆ."

ಆ ಕಡೆ ಟಿವಿ ಸದ್ದು ಕೇಳುತ್ತಿತ್ತು. ಯಾರೋ ಅದನ್ನು ಆರಿಸಿದರು.

"ವೋದ್ ವರ್ಸಾನೇ ಫೋನ್ ಮಾಡಿದ್ರೆ ನಮ್ಮಜ್ಜಿಗೂ ಗೊತ್ತಾಗ್ತಿತ್ತು" ಎಂದಳು ಹುಡುಗಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಯುಗಾದೀಲಿ ಅಜ್ಜಿ ತೀರೋಯ್ತು. ಮಗಳು ಬದುಕವ್ಳಾ, ಬದುಕವ್ಳಾ ಅಂತ ಕೊನೇಗಂಟ ಕೇಳ್ತಿತ್ತು."